ಮಲಗಿದ್ದೋ? ಮಲಗಿಸಿದ್ದೋ?

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಂಥವರನ್ನು ಇಂಗ್ಲಿಷ್‌ನಲ್ಲಿ ಕಾಡುವ ಜೋಡಿ ಪದಗಳು ಹಲವು. ‘ಲೇಡ್’ ಮತ್ತು ‘ಲೇನ್’ ಜೋಡಿಗೆ ಅದರಲ್ಲಿ ಮೊದಲ ಬಹುಮಾನ ಕೊಡಬಹುದು! ಎರಡೂ ಶಾಲೆಯಲ್ಲಿ ನಾವು ‘ವಿ-3’ ಎಂದು ಬಾಯಿಪಾಠ ಮಾಡಿದ ರೂಪಗಳು. ‘ಲೈ’ ಎಂದರೆ ಮಲಗು: ಲೈ, ಲೇ, ಲೇನ್. ‘ಲೇ’ ಎಂದರೆ ಮಲಗಿಸು, ಇಡು, ಹಾಸು: ಲೇ, ಲೇಡ್, ಲೇಡ್. ಒಂದರ ಭೂತಕಾಲವೇ ಇನ್ನೊಂದರ ವರ್ತಮಾನಕಾಲ. ಇಂಗ್ಲಿಷರೇ ತಡವರಿಸುತ್ತಾರೆ, ಇನ್ನು ನಾವು ಯಾವ ಲೆಕ್ಕ?

ಆದರೆ ಇದರ ಕೀಲಿಕೈ ನಮ್ಮ ಜೇಬಿನಲ್ಲೇ ಇದೆ. ಕನ್ನಡದಲ್ಲಿ ಮಲಗು–ಮಲಗಿಸು, ಏಳು–ಎಬ್ಬಿಸು, ಬೀಳು–ಬೀಳಿಸು ಎನ್ನುತ್ತೇವಲ್ಲ? ಮಗು ತಾನೇ ಮಲಗಿದರೆ ‘ಮಲಗಿದೆ’, ಅಮ್ಮ ತೂಗಿದರೆ ‘ಮಲಗಿಸಿದಳು’. ನಾವು ಎಂದಾದರೂ ಇವುಗಳನ್ನು ಅದಲು ಬದಲು ಮಾಡಿದ್ದೇವಾ? ಇಂಗ್ಲಿಷ್‌ನಲ್ಲೂ ಹಿಂದೆ ಇಂಥದ್ದೇ ಏರ್ಪಾಡಿತ್ತು. ಲೈ–ಲೇ, ರೈಸ್–ರೇಸ್, ಸಿಟ್–ಸೆಟ್ ಜೋಡಿಗಳು ಅದರ ಪಳೆಯುಳಿಕೆಗಳು. ಅಲ್ಲಿ ಅದು ಸವೆದುಹೋಯಿತು, ನಮ್ಮಲ್ಲಿ ‘ಇಸು’ ಇವತ್ತಿಗೂ ಗಟ್ಟಿಯಾಗಿದೆ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತಾನಾಗಿ ಆಯಿತೋ, ಯಾರಾದರೂ ಮಾಡಿದರೋ? 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ ಮೆಟ್ರೊ ಹಳದಿ ಮಾರ್ಗ ಶುರುವಾಯಿತು. ಆ ಹಳಿಗಳು ತಾವಾಗಿ ಹೋಗಿ ಮಲಗಲಿಲ್ಲ, ಕಾರ್ಮಿಕರು ಹಾಸಿದರು. ಆದ್ದರಿಂದ ‘ಹ್ಯಾವ್ ಬೀನ್ ಲೇಡ್’. ಪೀಣ್ಯದ ಯಾವುದೋ ಶೆಡ್‌ನಲ್ಲಿ ಟಾರ್ಪಾಲು ಹೊದ್ದು ವರ್ಷಗಟ್ಟಲೆ ಬಿದ್ದಿರುವ ಮಷಿನ್ ಇದ್ದರೆ ಅದು ‘ಹ್ಯಾಸ್ ಲೇನ್’. ಇನ್ನೊಂದು ಸುಲಭದ ಗುರುತು: ‘ಬೀನ್’ ಪಕ್ಕದಲ್ಲಿ ‘ಲೇನ್’ ಎಂದೂ ಕೂರುವುದಿಲ್ಲ.

ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ಆದರೆ ನಮ್ಮ ಊರಿನಲ್ಲಿ ಇದೇ ‘ಲೇಡ್’ ಪಕ್ಕಕ್ಕೆ ‘ಆಫ್’ ಬಂದು ನಿಂತರೆ ಕಥೆಯೇ ಬೇರೆ. ನಾನಿರುವ ದಾಸರಹಳ್ಳಿಯ ಪಿ.ಜಿ.ಯಲ್ಲಿ ಸಿ.ಎನ್‌.ಸಿ. ಮಷಿನ್ ನಡೆಸುವವರೂ ಇದ್ದಾರೆ, ದಿನಾ ವೈಟ್‌ಫೀಲ್ಡ್‌ಗೆ ಲ್ಯಾಪ್‌ಟಾಪ್ ಹೊತ್ತು ಹೋಗುವವರೂ ಇದ್ದಾರೆ. ಒಂದೇ ಪದಕ್ಕೆ ಇಬ್ಬರಲ್ಲೂ ಎರಡು ಅರ್ಥ! ಮಷಿನ್ ಹುಡುಗರಿಗೆ ಲೇ ಆಫ್ ಅಂದರೆ ‘ಆರ್ಡರ್ ಇಲ್ಲ, ಸದ್ಯಕ್ಕೆ ಮನೆಯಲ್ಲಿರಿ’. ಸಾಫ್ಟ್‌ವೇರ್ ಹುಡುಗರಿಗೆ ಅಂದರೆ ‘ನಾಳೆಯಿಂದ ಬರಬೇಡಿ’.

ಕಾನೂನು ಮಷಿನ್ ಹುಡುಗರ ಅರ್ಥವನ್ನೇ ಹಿಡಿದಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ, ಅದರ ಜಾಗಕ್ಕೆ ರೂಪಿಸಿದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಲೇ ಆಫ್ ಎಂದರೆ ಕಚ್ಚಾವಸ್ತು, ವಿದ್ಯುತ್ ಇತ್ಯಾದಿ ಇಲ್ಲದೆ ತಾತ್ಕಾಲಿಕವಾಗಿ ಕೆಲಸ ಕೊಡಲಾಗದ ಸ್ಥಿತಿ. ಅರ್ಹ ಕಾರ್ಮಿಕರಿಗೆ ಆಗ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 50ರಷ್ಟು ಪರಿಹಾರ. ಪೂರ್ತಿ ತೆಗೆದುಹಾಕುವುದಕ್ಕೆ ಕಾನೂನಿನ ಹೆಸರು ‘ರಿಟ್ರೆಂಚ್‌ಮೆಂಟ್’. ವರ್ಷ ತುಂಬಿಸಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ದುಡಿದ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ. ಪದ ಬದಲಾದರೆ ಕೈಗೆ ಬರುವ ಹಣವೂ ಬದಲಾಗುತ್ತದೆ!

ಈಚೆಗೆ ನಮ್ಮ ಪಿ.ಜಿ.ಯ ಗೆಳೆಯನಿಗೆ ಕಂಪನಿಯಿಂದ ಕರೆ ಬಂತು. ‘ನಿಮ್ಮ ಪ್ರಾಜೆಕ್ಟ್ ಮುಗಿದಿದೆ, ನೀವೇ ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕಿಬಿಡಿ, ಒಳ್ಳೆಯ ರಿಲೀವಿಂಗ್ ಲೆಟರ್ ಸಿಗುತ್ತೆ’ ಅಂದರು. ‘ಏನ್ ಮಾಡ್ಲಿ ಮಗಾ?’ ಎಂದು ಕೇಳಿದ. ನಾನು ವಕೀಲನಲ್ಲ. ಆದರೂ ವ್ಯಾಕರಣದ ಪ್ರಶ್ನೆಯನ್ನೇ ಅವನ ಮುಂದಿಟ್ಟೆ: ‘ಬಿಟ್ಟಿದ್ದು ನೀನಾ, ಬಿಡಿಸಿದ್ದು ಅವರಾ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿಡಿಸಿದ್ದು’ ಅಂದ. ಕಂಪನಿಯ ಕಾರಣವನ್ನು ಇ–ಮೇಲ್‌ನಲ್ಲಿ ಕೇಳಿದ. ಉತ್ತರ ಬರುವವರೆಗೆ ರಾಜೀನಾಮೆಯ ಬಟನ್ ಒತ್ತಲಿಲ್ಲ. ಮುಂದೆ ಅವನ ಲೆಕ್ಕ ಏನಾಗುತ್ತೋ ಗೊತ್ತಿಲ್ಲ, ಆದರೆ ನಡೆದದ್ದು ನಡೆದ ಹಾಗೆ ದಾಖಲೆಯಲ್ಲಿದೆ.

ರಾಜೀನಾಮೆ ಕೊಟ್ಟರೆ ವಾಕ್ಯದ ಕರ್ತೃ ನಾವು. ತೆಗೆದುಹಾಕಿದರೆ ಕರ್ತೃ ಕಂಪನಿ, ನಾವು ಬರೀ ಕರ್ಮ. ಈ ಅದಲು ಬದಲನ್ನು ನಮ್ಮ ಮಾತೂ ಮಾಡುತ್ತದೆ. ಊರಲ್ಲಿ ಯಾರಾದರೂ ಕೇಳಿದರೆ ‘ಕೆಲಸ ಕಳಕೊಂಡ’ ಅನ್ನುತ್ತಾರೆ, ಬಸ್ಸಿನಲ್ಲಿ ಪರ್ಸ್ ಕಳಕೊಂಡಂತೆ! ಅದನ್ನು ಕೇಳಿ ಕೇಳಿ ಹುಡುಗರು ತಮ್ಮದೇ ತಪ್ಪು ಎಂದು ನಂಬುತ್ತಾರೆ. ಹಬ್ಬಕ್ಕೂ ಊರಿಗೆ ಹೋಗುವುದಿಲ್ಲ. ಮನೆಗೆ ಫೋನ್ ಮಾಡಿದಾಗ ‘ಆಫೀಸಲ್ಲಿದ್ದೀನಿ ಅಮ್ಮ’ ಎನ್ನುತ್ತಾರೆ.

ಸಂದರ್ಶನದಲ್ಲಿ ‘ಹಿಂದಿನ ಕೆಲಸ ಯಾಕೆ ಬಿಟ್ಟಿರಿ?’ ಎಂದು ಕೇಳಿದರೆ ತಲೆ ತಗ್ಗಿಸಬೇಡಿ. ‘ಐ ಲೇಡ್ ಆಫ್’ ಎಂದರೆ ನೀವೇ ಯಾರನ್ನೋ ತೆಗೆದಂತಾಗುತ್ತದೆ! ‘ಐ ವಾಸ್ ಲೇಡ್ ಆಫ್’ ಎನ್ನಿ. ಆಮೇಲೆ ನಿಮಗೆ ಬರುವ ಕೆಲಸದ ಬಗ್ಗೆ ಮಾತಾಡಿ. ಆ ಚಿಕ್ಕ ‘ವಾಸ್’ ಇಂಗ್ಲಿಷನ್ನು ಸರಿ ಮಾಡುತ್ತದೆ, ಮಾಡದ ತಪ್ಪಿನ ಭಾರವನ್ನೂ ಹೆಗಲಿನಿಂದ ಇಳಿಸುತ್ತದೆ.