ಕಿಡ್ನಿ ಕಸಿ: ಎಳನೀರಿನಿಂದ ನಿಖಾಹ್ ಪತ್ರದವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹುಷಾರಿಲ್ಲದವರನ್ನು ನೋಡಲು ಹೋಗುವವರು ಬರಿಗೈಲಿ ಹೋಗುವುದಿಲ್ಲ, ನಾಲ್ಕು ಎಳನೀರು ಹಿಡಿದೇ ಹೋಗುತ್ತಾರೆ. ಕೊಬ್ಬರಿ ವ್ಯಾಪಾರದ ನಂಟಿರುವ ನಮ್ಮ ಬ್ಯಾರಿ ಮನೆಗಳಿಗೂ ಆ ರೂಢಿ ಬಂದುಬಿಟ್ಟಿದೆ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ ಕಸಿಗಾಗಿ ಕಾಯುವವರಿಗೆ ಇದೇ ಎಳನೀರು ಅಪಾಯ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಕಿಡ್ನಿ ಅದನ್ನು ಹೊರಹಾಕುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ನೋಂಬು ಬಿಡುವ ಖರ್ಜೂರದಲ್ಲೂ ಅದು ಕಡಿಮೆಯೇನಿಲ್ಲ. "ತಂಪು ತಾನೇ, ಒಂದು ಕುಡೀಲಿ ಬಿಡಿ" ಅನ್ನುವ ನೆಂಟರಿಗೆ ಇಲ್ಲ ಅನ್ನುವುದು ಮನೆಯವರಿಗೆ ಎಷ್ಟು ಕಷ್ಟ ಅಂತ ನಮಗೂ ಗೊತ್ತು. ಆದರೂ ಅನ್ನಲೇಬೇಕು. ಕಸಿ ಆದ ಮೇಲೂ ರಕ್ತದ ವರದಿ ನೋಡಿದ ವೈದ್ಯರು ಸರಿ ಅನ್ನುವವರೆಗೆ ಕುಡಿಸುವಂತಿಲ್ಲ.

ಇನ್ನು ಕಿಡ್ನಿ ಕೊಡುವವರ ವಿಷಯ. ಉಮ್ಮ ಕೊಡ್ತೇನೆ ಅಂತಾರೆ, ಅಳಿಯ ಕೊಡ್ತೇನೆ ಅಂತಾನೆ. 1994ರ ಅಂಗಾಂಗ ಕಸಿ ಕಾಯ್ದೆ ಹತ್ತಿರದ ಸಂಬಂಧಿಗಳೆಂದು ಒಪ್ಪುವುದು ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರನ್ನು. 2011ರ ತಿದ್ದುಪಡಿಯಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಅಳಿಯ, ಸೊಸೆ, ಚಿಕ್ಕಪ್ಪ ಇದರಲ್ಲಿಲ್ಲ. ಅವರು ಕೊಡುವುದಾದರೆ ಅಧಿಕೃತ ಸಮಿತಿ ಒಪ್ಪಬೇಕು. ಹೆಂಡತಿ ಕೊಡುವಾಗ ಮದುವೆಯ ದಾಖಲೆ ಕೇಳುತ್ತಾರೆ. ನಮ್ಮಲ್ಲಿ ಜಮಾಅತಿನ ನಿಖಾಹ್ ಪುಸ್ತಕದಲ್ಲೊಂದು ಹೆಸರು, ಆಧಾರಿನಲ್ಲೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು! ಇದನ್ನು ಸರಿಮಾಡಿಸುವ ಓಡಾಟ ಡಯಾಲಿಸಿಸ್ ಶುರುವಾದ ದಿನವೇ ಆರಂಭವಾಗಲಿ. ಮನೆಯಲ್ಲಿ ಕೊಡುವವರು ಯಾರೂ ಇಲ್ಲದಿದ್ದರೆ, ಮೃತರ ಅಂಗಕ್ಕಾಗಿ ಆಸ್ಪತ್ರೆಯ ಮೂಲಕವೇ ರಾಜ್ಯದ 'ಜೀವಸಾರ್ಥಕತೆ' ಪಟ್ಟಿಗೆ ಹೆಸರು ಸೇರಿಸಬೇಕು. ದುಡ್ಡು ಕೊಟ್ಟು ಕಿಡ್ನಿ ಕೊಡಿಸ್ತೇನೆ ಅನ್ನುವವನು ಜೈಲಿನ ದಾರಿ ತೋರಿಸುತ್ತಾನೆ, ಅಷ್ಟೇ. ಬಿಪಿಎಲ್ ಕಾರ್ಡಿದ್ದವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ನೆರವಿನ ಬಗ್ಗೆ ಆಪರೇಷನ್‌ಗೆ ಮೊದಲೇ ವಿಚಾರಿಸಿ.

ದೀನ್‌ನಲ್ಲಿ ಇದು ಸರಿಯೇ ಎಂಬ ಪ್ರಶ್ನೆಯನ್ನು ಹಲವರು ಬಾಯಿಬಿಟ್ಟು ಕೇಳುವುದಿಲ್ಲ, ಒಳಗೊಳಗೇ ಕೊರಗುತ್ತಾರೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲಿ ಜಿದ್ದಾದಲ್ಲಿ ಸೇರಿ ಷರತ್ತುಗಳೊಂದಿಗೆ ಅಂಗಾಂಗ ಕಸಿಗೆ ಅನುಮತಿ ನೀಡಿತು, ಮಾರಾಟವನ್ನು ನಿಷೇಧಿಸಿತು. ಮರಣಾನಂತರದ ದಾನದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ನಿಮ್ಮ ಉಸ್ತಾದರನ್ನು ಕೇಳಲು ಸಂಕೋಚಪಡಬೇಡಿ.

ಕಸಿಯಾದ ಮೇಲೆ ಮಾತ್ರೆಯೇ ಜೀವ. ಟ್ಯಾಕ್ರೋಲಿಮಸನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ ನುಂಗಬೇಕು. ನೋಂಬಿನ ತಿಂಗಳಲ್ಲಿ ಸಹ್ರಿ-ಇಫ್ತಾರಿಗೆ ಹೊಂದಿಸಿಕೊಳ್ಳೋಣ ಎಂದು ತಾವೇ ಹೊತ್ತು ಬದಲಿಸುವಂತಿಲ್ಲ. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿ ಇದ್ದೇ ಇದೆ. ಮೆಡಿಕಲ್‌ನವರು ಬೇರೆ ಕಂಪೆನಿಯ ಮಾತ್ರೆ ಕೊಟ್ಟರೆ ವೈದ್ಯರಿಗೆ ಫೋನ್ ಮಾಡದೆ ನುಂಗಬೇಡಿ. ಚಕ್ಕೋತ, ನಾಟಿ ಔಷಧಿ ಬೇಡವೇ ಬೇಡ. ರಕ್ತದಲ್ಲಿ ಮಾತ್ರೆಯ ಮಟ್ಟ ನೋಡಿಸಲು ತಿಪಟೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲು ಹತ್ತುವಾಗ, ಆ ಹೊತ್ತಿನ ಮಾತ್ರೆಯನ್ನು ನುಂಗದೆ ಚೀಲದಲ್ಲಿಟ್ಟುಕೊಳ್ಳಿ. ರಕ್ತ ಕೊಟ್ಟ ಕೂಡಲೇ ನುಂಗಿ.