ಮಳೆ ನೀರು ಎಲ್ಲಿಗೆ ಹೋಯ್ತು?

ಮಳೆ ಬಂತು. ಒಂದು ಗಂಟೆ ಜೋರಾಗಿ ಸುರಿಯಿತು. ಹಳ್ಳ ಕೆಂಪಾಗಿ ಹರಿಯಿತು. ನಾಲ್ಕು ದಿನಕ್ಕೆ ಹಳ್ಳ ಒಣಗಿತು. ನೀರು ಎಲ್ಲಿಗೆ ಹೋಯ್ತು?

ಒಂದು ಎಕರೆಗೆ ಒಂದು ಅಂಗುಲ ಮಳೆ ಬಿದ್ದರೆ ಎಷ್ಟು ನೀರು ಗೊತ್ತೆ? ಸುಮಾರು 1 ಲಕ್ಷ ಲೀಟರ್. ಅಂದರೆ 5,000 ಲೀಟರಿನ 20 ಟ್ಯಾಂಕರ್. ಬೇಸಿಗೆಯಲ್ಲಿ ತೆಂಗಿನ ಮರ ಉಳಿಸಲು ದುಡ್ಡು ಕೊಟ್ಟು ಟ್ಯಾಂಕರ್ ತರಿಸುತ್ತೇವೆ. ಮಳೆಗಾಲದಲ್ಲಿ ಬಿಟ್ಟಿ ಬಂದ ನೀರನ್ನು ಹಳ್ಳಕ್ಕೆ ಬಿಡುತ್ತೇವೆ!

ಚಿಕ್ಕನಾಯಕನಹಳ್ಳಿ ಕಡೆ ಗುಡ್ಡಗಳಿವೆ. ಗುಡ್ಡದಲ್ಲಿ ಗಿಡ, ಹುಲ್ಲು ಇದ್ದರೆ ಮಳೆ ಹನಿ ಮೊದಲು ಎಲೆಯ ಮೇಲೆ ಬೀಳುತ್ತದೆ. ಪೆಟ್ಟು ಕಮ್ಮಿಯಾಗುತ್ತದೆ. ಬೇರಿನ ಸಂದಿಯಲ್ಲಿ ನೀರು ಮೆಲ್ಲಗೆ ಇಳಿಯುತ್ತದೆ. ಬೋಳು ನೆಲದಲ್ಲಿ ಹಾಗಲ್ಲ. ಹನಿ ನೇರವಾಗಿ ಮಣ್ಣಿಗೆ ಹೊಡೆಯುತ್ತದೆ. ಮಣ್ಣು ಪುಡಿಯಾಗಿ ನೆಲದ ಸಣ್ಣ ತೂತುಗಳನ್ನು ಮುಚ್ಚುತ್ತದೆ. ನೀರು ಇಳಿಯಲಾರದೆ ಓಡುತ್ತದೆ, ಮಣ್ಣನ್ನೂ ಹೊತ್ತು ಓಡುತ್ತದೆ. ಹಳ್ಳ ಕೆಂಪಾದದ್ದು ಅದಕ್ಕೇ.

ಈ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿಗಾಗಿ ನೆಲ ಅಗೆದರು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಗೆದು ಸುರಿದ ಮಣ್ಣಿಗೆ ಬೇರಿನ ಹಿಡಿತ ಇರುವುದಿಲ್ಲ. ಮಳೆ ಬಂದರೆ ಅದು ಕೆರೆಗೆ ಇಳಿಯುತ್ತದೆ. ಕೆರೆಯಲ್ಲಿ ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಮ್ಮಿ.

ಗುಡ್ಡದ ಮಾತು ಸರಿ, ನಮ್ಮ ತೋಟದ್ದು? ತಿಪಟೂರು, ತುರುವೇಕೆರೆ ಕಡೆ ತೋಟ ಚೊಕ್ಕಟವಾಗಿರಬೇಕು ಅಂತ ಪದೇ ಪದೇ ಉಳುತ್ತೇವೆ. ಒಂದು ಹುಲ್ಲುಕಡ್ಡಿ ಕಂಡರೂ ನಮಗೆ ನಾಚಿಕೆ! ಉತ್ತ ಬೋಳು ಮಣ್ಣೇ ಮೊದಲು ಕೊಚ್ಚಿ ಹೋಗುವುದು. ಇಳಿಜಾರಿನ ಉದ್ದಕ್ಕೆ ಉತ್ತರೆ ಸಾಲೇ ಕಾಲುವೆ ಆಗುತ್ತದೆ. ಅಡ್ಡಕ್ಕೆ ಉತ್ತರೆ ಸಾಲು ನೀರನ್ನು ತಡೆಯುತ್ತದೆ. ಮರಗಳ ನಡುವೆ ಹುರುಳಿ, ಅಲಸಂದೆ ಚೆಲ್ಲಿದರೆ ನೆಲಕ್ಕೆ ಹೊದಿಕೆ, ದನಕ್ಕೆ ಮೇವು.

ಕೊಬ್ಬರಿ ಸುಲಿದಾಗ ಕಾಯಿಯ ಮಟ್ಟೆ ರಾಶಿ ಬೀಳುತ್ತದೆ. ಅದನ್ನು ಸುಡಬೇಡಿ. ಮರದ ಸಾಲುಗಳ ನಡುವೆ ಅಡ್ಡಕ್ಕೆ ಉದಿ ತೆಗೆಯಿರಿ. ಮಟ್ಟೆಯ ಗುಳಿ ಇರುವ ಕಡೆ ಮೇಲೆ ಬರುವಂತೆ ಜೋಡಿಸಿ, ಮಣ್ಣು ಮುಚ್ಚಿ. ಮಟ್ಟೆ ನೀರು ಕುಡಿದು ಇಟ್ಟುಕೊಳ್ಳುತ್ತದೆ.

ಒಂದು ಹಳ್ಳಕ್ಕೆ ನೀರು ಹರಿದು ಬರುವ ಗುಡ್ಡ, ಗೋಮಾಳ, ಹೊಲ, ತೋಟ ಎಲ್ಲ ಸೇರಿ ಒಂದು ಜಲಾನಯನ. ಮೇಲಿನವರು ಬದು ಹಾಕದಿದ್ದರೆ ಕೆಳಗಿನವರ ಬದು ನಿಲ್ಲುವುದಿಲ್ಲ. ಅದಕ್ಕೇ ಕೆಲಸ ಗುಡ್ಡದ ತಲೆಯಿಂದ ಶುರುವಾಗಬೇಕು. ಅಕ್ಕಪಕ್ಕದವರು ಮೊದಲು ಕೂತು ಮಾತಾಡಿಕೊಳ್ಳಿ. ಬದು ಕಟ್ಟುವಾಗ ಹೆಚ್ಚಿನ ನೀರಿಗೆ ಕೋಡಿ ಬಿಟ್ಟು, ಅಲ್ಲಿ ಕಲ್ಲು ಜೋಡಿಸಿ. ಕೋಡಿ ಇಲ್ಲದ ಬದು ಮೊದಲ ಜೋರು ಮಳೆಗೇ ಒಡೆಯುತ್ತದೆ.