ಒಂದು ಫೋಟೊ, ನಾಲ್ಕು ಸಾಲಿನ ಸುದ್ದಿ

ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನಲ್ಲಿ ಲಾಮಾ ಒಬ್ಬರು ಕುಳಿತಿದ್ದರೆ ನಮಗದು ವಿಶೇಷವೇನಲ್ಲ. 1966ರಿಂದ ಇಲ್ಲಿ ಟಿಬೆಟಿಯನ್ನರ ಕಾಲೊನಿ ಇದೆ. ಅಂಥ ಲಾಮಾಗಳದ್ದೇ ಒಂದು ಫೋಟೊ 2012ರಲ್ಲಿ ಅಂತರ್ಜಾಲದ ತುಂಬ ಹರಿದಾಡಿತ್ತು. ಸಾಲು ಸಾಲು ಶವಗಳ ನಡುವೆ ಸನ್ಯಾಸಿಗಳು ನಿಂತಿದ್ದಾರೆ. ಬರ್ಮಾದಲ್ಲಿ ಮುಸ್ಲಿಮರನ್ನು ಕೊಂದು ನಿಂತವರಿವರು ಎಂಬ ಒಕ್ಕಣೆ ಬೇರೆ.

ಅಸಲಿಗೆ ಅದು 2010ರ ಏಪ್ರಿಲ್‌ನಲ್ಲಿ ಚೀನಾದ ಯುಶುವಿನಲ್ಲಾದ ಭೂಕಂಪದ ಚಿತ್ರ. ಸತ್ತವರ ಸಾಮೂಹಿಕ ಅಂತ್ಯಸಂಸ್ಕಾರಕ್ಕೆ ಟಿಬೆಟಿಯನ್ ಸನ್ಯಾಸಿಗಳು ಸೇರಿದ್ದರು. ಇದನ್ನು ಪತ್ತೆಹಚ್ಚಿ ಬರೆದವರಲ್ಲಿ ಪಾಕಿಸ್ತಾನದ ದಿನಪತ್ರಿಕೆಯೊಂದರ ಬರಹಗಾರರೂ ಇದ್ದರು ಎಂಬುದನ್ನು ಮರೆಯಬಾರದು.

ಆದರೆ ಸತ್ಯ ತಲುಪುವಷ್ಟರಲ್ಲಿ ತಡವಾಗಿತ್ತು. ಅಸ್ಸಾಮಿನ ಕೊಕ್ರಝಾರ್ ಗಲಭೆಯ ಸೇಡನ್ನು ಇಲ್ಲಿ ತೀರಿಸಿಕೊಳ್ಳುತ್ತಾರಂತೆ ಎಂಬ ಎಸ್ಸೆಮ್ಮೆಸ್ಸುಗಳು ಬೆಂಗಳೂರಿನಲ್ಲಿ ಹಬ್ಬಿದವು. ಆಗಸ್ಟ್ 15ರ ಸಂಜೆಯಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಅದೇ ವಾರ ಮೈಸೂರಿನಲ್ಲಿ ಟಿಬೆಟಿಯನ್ ವಿದ್ಯಾರ್ಥಿಯೊಬ್ಬನಿಗೆ ಚೂರಿ ಇರಿತವಾಯಿತು. ಬೃಹತ್ ಎಸ್ಸೆಮ್ಮೆಸ್‌ಗೆ ಕೇಂದ್ರ ಸರ್ಕಾರ ಹದಿನೈದು ದಿನ ನಿರ್ಬಂಧ ಹೇರಿ, ದಿನಕ್ಕೆ ಐದೇ ಎಂದಿತು.

ಎಸ್ಸೆಮ್ಮೆಸ್ ನಿಲ್ಲಿಸಬಹುದು, ಭಯವನ್ನು ಹೇಗೆ ನಿಲ್ಲಿಸುವುದು? ಅದಕ್ಕೆ ಸುದ್ದಿಯೇ ಬೇಕು ಅನ್ನಿಸುತ್ತದೆ ನನಗೆ. ತುಂಬಿ ತುಳುಕುವ ಪ್ಲಾಟ್‌ಫಾರ್ಮನ್ನು ಟಿ.ವಿಯಲ್ಲಿ ಮತ್ತೆ ಮತ್ತೆ ತೋರಿಸಿದರೆ ಮನೆಯಲ್ಲಿ ಕುಳಿತವನೂ ಗಂಟು ಕಟ್ಟುತ್ತಾನೆ. ಊರಿನಲ್ಲೇ ಉಳಿದು ಕೆಲಸಕ್ಕೆ ಹೋದವನನ್ನು ಮಾತಾಡಿಸಿದರೆ? ಬುರುಂಡಿಯಲ್ಲಿ ಹುಟು ಮತ್ತು ಟುಟ್ಸಿಗಳ ನಡುವೆ ಹತ್ಯೆ ನಡೆಯುತ್ತಿದ್ದ 1995ರಲ್ಲಿ ‘ಸ್ಟುಡಿಯೊ ಇಜಾಂಬೊ’ ಎಂಬ ರೇಡಿಯೊ ಸ್ಟುಡಿಯೊ ಶುರುವಾಯಿತು. ಅಲ್ಲಿ ಎರಡೂ ಪಂಗಡದ ವರದಿಗಾರರು ಜೊತೆಯಾಗಿ ಸುದ್ದಿಗೆ ಹೋಗುತ್ತಿದ್ದರು. ಒಬ್ಬನಿಗೆ ಬಾಯಿ ಬಿಡದ ಹಳ್ಳಿ ಇನ್ನೊಬ್ಬನಿಗೆ ಬಿಡುತ್ತದಲ್ಲ! ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲ ಒಂದೇ ಓಣಿಯಲ್ಲಿ ಕೇಳಿಸುವ ದಾಂಡೇಲಿ, ಹಳಿಯಾಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಜೋಯಿಡಾದ ಗೆಳೆಯರು ಮಾತ್ರ ನಗುತ್ತಾರೆ, ನೆಟ್‌ವರ್ಕ್ ಸಿಗದ ಅವರ ಹಳ್ಳಿಗೆ ವದಂತಿಯೂ ತಡವಾಗಿ ಬರುತ್ತದಂತೆ.)

ಕಳೆದ ವರ್ಷ ನಮ್ಮ ಕಾಲೇಜಿನ ವಾಟ್ಸ್ಆ್ಯಪ್ ಗ್ರೂಪಿಗೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಆಡಿಯೊ ಬಂತು. ಹೊರಗಿನಿಂದ ಬಂದ ಕಂಬಳಿ ಮಾರುವವರ ಮೇಲೆ ಅನುಮಾನ. ಪರಿಚಯದ ವರದಿಗಾರರೊಬ್ಬರಿಗೆ ಫೋನ್ ಮಾಡಿದೆ. “ಠಾಣೆಗೆ ಕೇಳಿ ಹೇಳ್ತೀನಿ ತಮ್ಮಾ, ಅಲ್ಲೀತನಕ ಯಾರಿಗೂ ಕಳಿಸಬ್ಯಾಡ” ಎಂದರು. ಅರ್ಧ ಗಂಟೆಗೆ ಅವರೇ ಕರೆ ಮಾಡಿದರು. ಅಂಥ ದೂರು ಒಂದೂ ಇರಲಿಲ್ಲ. ಮರುದಿನ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಅದರ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಆಡಿಯೊ ಕಳಿಸಿದ್ದವ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಅದನ್ನು ಅಳಿಸಿದ್ದ.